ಸಾಕಿದ ನಾಯಿಯನ್ನು ಬೀದಿನಾಯಿ ಮಾಡಿದ್ದು

ಮುಂಬಯಿ ನಗರದೊಳಗೇ ಇರುವ ಕಾಡಿನಂಥ ಜಾಗ ಆರೆ ಕಾಲೊನಿಯ ಚಿರತೆಗಳ ಬಗ್ಗೆ ಹನ್ನೆರಡು ನಿಮಿಷದ ಚಿತ್ರ ಮಾಡಿದೆ. ಚಿರತೆಯಿಂದ ನಟನೆ ಮಾಡಿಸುವ ಮಾತೇ ಇಲ್ಲ. ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಪಳಗಿಸಿ ಪ್ರದರ್ಶನಕ್ಕೆ ಬಳಸುವುದನ್ನು ಕೇಂದ್ರ ಸರ್ಕಾರ 1998ರಲ್ಲೇ ನಿಷೇಧಿಸಿದೆ. ನಮಗೆ ಸಿಕ್ಕಿದ್ದು ಕ್ಯಾಮೆರಾ ಟ್ರ್ಯಾಪಿನ, ಅಂದರೆ ಪ್ರಾಣಿ ಎದುರು ಹಾದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾದ, ಕೆಲವು ತುಣುಕು ಅಷ್ಟೇ. ಆದರೆ ಇಲ್ಲಿನ ಚಿರತೆಯ ಊಟದಲ್ಲಿ ಬೀದಿನಾಯಿಯ ಪಾಲು ದೊಡ್ಡದು. ನಾಯಿ ಇಲ್ಲದೆ ಕತೆಯೇ ಇಲ್ಲ.

ನಿಜವಾದ ಬೀದಿನಾಯಿಗೇ ತಿಂಡಿ ಹಾಕಿ ಕರೆಯಬಹುದಿತ್ತಲ್ಲ ಅಂತ ಕೇಳುತ್ತಾರೆ. ಚಿರತೆ ಓಡಾಡುವ ಜಾಗದಲ್ಲಿ ನಾಯಿಗೆ ತಿಂಡಿಯ ಆಸೆ ಹಚ್ಚಿ ನಾವು ಮನೆಗೆ ಹೋಗುವುದೇ? ಅದಕ್ಕೇ ತರಬೇತಾದ ಕಂದು ಬಣ್ಣದ ದೇಸಿ ನಾಯಿ ತರಿಸಿದೆವು. ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ, ವೈದ್ಯರ ಸರ್ಟಿಫಿಕೇಟ್, ಇವಕ್ಕೆಲ್ಲ ಶೂಟಿಂಗ್‌ಗಿಂತ ಜಾಸ್ತಿ ದಿನ ಹಿಡಿಯಿತು.

ತರಬೇತಿ ಕೊಡುವವರು ವಿಜಯಪುರ ಕಡೆಯವರು. ಮೊದಲ ಬೆಳಿಗ್ಗೆ, ತಬೇಲಾದ (ಎಮ್ಮೆ ಕೊಟ್ಟಿಗೆಯ) ಹಿಂದೆ, ಅವರನ್ನು ಕ್ಯಾಮೆರಾ ಪಕ್ಕದಲ್ಲೇ ನಿಲ್ಲಿಸಿದೆ. ನಾಯಿ ಪ್ರಸಾದಕ್ಕೆ ಕಾದವರಂತೆ ನೇರ ಲೆನ್ಸ್ ನೋಡುತ್ತಾ ಕೂತಿತು. ಅವರು ನಕ್ಕರು. "ನನ್ನ ಮಾತ ಕೇಳೂದು ದೊಡ್ಡ ಮಾತಲ್ರಿ ಸರ್. ಕೇಳಿದ್ಹಂಗ ಕಾಣಬಾರ್ದು, ಅದs ಕಷ್ಟ."

ಆಮೇಲೆ ಅವರು ಪೊದೆಯ ಹಿಂದೆ ಅಡಗಿದರು. ನಾಯಿ ಮೂಸಬೇಕಾದ ಕಡೆ ಬೇಯಿಸಿದ ಲಿವರ್ ಚೂರನ್ನು ನೆಲಕ್ಕೆ ಉಜ್ಜಿ ತೆಗೆದೆವು. ವಾಸನೆ ಇದೆ, ತಿನ್ನಲು ಏನಿಲ್ಲ. ಎಷ್ಟು ಚೆನ್ನಾಗಿ ಹುಡುಕಿತು ಅಂತೀರಿ! ಕಿವಿ ನಿಮಿರಲು ಚಿಪ್ಸ್ ಪ್ಯಾಕೆಟ್ ಕಿವುಚಿದೆ. ಅದು ಮೂರು ಸಲ ಮಾತ್ರ ಕೆಲಸ ಮಾಡಿತು, ನಾಲ್ಕನೇ ಸಲ ನಾಯಿ ಆಕಳಿಸಿತು. ಅಂಥ ಸದ್ದನ್ನು ರಿಹರ್ಸಲ್‌ನಲ್ಲಿ ಖರ್ಚು ಮಾಡಬಾರದು, ಟೇಕ್‌ಗೇ ಇಟ್ಟುಕೊಳ್ಳಬೇಕು.

ಹೆದರಿದಂತೆ ತೋರಿಸಲು ಹೆದರಿಸಲಿಲ್ಲ. 'ಡೌನ್' ಅಂದರೆ ಮೈ ತಗ್ಗಿಸಿ ತೆವಳುತ್ತಿತ್ತು. ಬಾಲ ಮಾತ್ರ ಖುಷಿಯಲ್ಲಿ ಬೀಸುತ್ತಲೇ ಇತ್ತು! ಹಾಗಾಗಿ ಆ ಶಾಟ್‌ನಲ್ಲಿ ಮುಂಭಾಗ ಅಷ್ಟೇ ಇದೆ. ಹತ್ತು ನಿಮಿಷ ಕೆಲಸ, ಆಮೇಲೆ ನೆರಳು, ನೀರು. ಎಂಟೂವರೆಗೆ ಪ್ಯಾಕಪ್, ಡಾಂಬರು ಕಾದರೆ ಪಾದ ಸುಡುತ್ತದೆ. ಮಬ್ಬು ಬೆಳಕಿನ ಶಾಟ್‌ಗಳಿಗೆ ಎಡಿಟಿಂಗ್‌ನಲ್ಲಿ ರಾತ್ರಿಯ ಬಣ್ಣ ಕೊಟ್ಟೆವು.

ಜಗಳ ಆಗಿದ್ದೂ ಎಡಿಟಿಂಗ್‌ನಲ್ಲೇ. ಚಿರತೆಯ ತುಣುಕಿನ ಪಕ್ಕ ನಾಯಿಯ ಶಾಟ್ ಅಂಟಿಸಿದರೆ, ಎರಡೂ ಒಂದೇ ರಾತ್ರಿ ಎದುರಾದಂತೆ ಕಾಣುತ್ತದೆ. ನೋಡುವವರಿಗೆ ಇದು ಮೋಸ ಅಲ್ವಾ? ಕೊನೆಗೆ 'ನಾಯಿ ತರಬೇತಿ ಪಡೆದದ್ದು' ಅಂತ ಚಿತ್ರದ ಶುರುವಿನಲ್ಲೇ ಬರೆಸಿದೆ. ಎಡಿಟರ್ ಎರಡು ದಿನ ಮಾತಾಡಲಿಲ್ಲ.

ಡೊಂಬಿವಲಿಯ ನಮ್ಮ ಕನ್ನಡದವರಿಗೆ ತೋರಿಸಿದಾಗ ತಡವಾಗಿ ಬಂದ ಅಜ್ಜಿಯೊಬ್ಬರು ಆ ಬರಹ ನೋಡಿರಲಿಲ್ಲ. ಮುಗಿದ ಮೇಲೆ ಕೇಳಿದರು: "ಅದು ಯಾರೋ ಸಾಕಿದ ನಾಯಿ ಅಲ್ವೇನಪ್ಪಾ? ಕುತ್ತಿಗೆಯಲ್ಲಿ ಪಟ್ಟಿ ಕಟ್ಟಿದ ಗುರುತು ಇತ್ತು."