ಕಾಕಾ ಬರೆದಿಟ್ಟ ಚೀಟಿಯಿಂದ ಶುಂಠಿ ಬಿಯರ್ ಮಾಡುವುದು ಹೇಗೆ?

ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಅಡುಗೆ ಚೀಟಿಗಳು ಉಳಿಯುತ್ತವೆ. ಆದರೆ ಚೀಟಿಯಲ್ಲಿದ್ದಂತೆಯೇ ಮಾಡಿದರೂ ಎಷ್ಟೋ ಸಲ ಆ ರುಚಿ ಬರುವುದಿಲ್ಲ. ಅವರು ಅದನ್ನು ಬರೆದುಕೊಂಡದ್ದು ತಮಗಾಗಿ. ಗೊತ್ತಿದ್ದುದನ್ನು ಯಾರು ಬರೆಯುತ್ತಾರೆ? ಹಾಗಾಗಿ ಒಲೆ ಹಚ್ಚುವ ಮೊದಲು, ಬರೆಯದೆ ಬಿಟ್ಟದ್ದು ಏನೇನು ಅಂತ ಹುಡುಕಬೇಕು.

ನಮ್ಮ ಕಾಕಾ ಧಾರವಾಡದ ಕಡೆಯವರು. ಕೆಲಸಕ್ಕೆಂದು ಖಡ್ಕಿಗೆ ಬಂದು ಪುಣೆಯಲ್ಲೇ ಉಳಿದರು. ಖಡ್ಕಿ ಬ್ರಿಟಿಷರ ದಂಡು ಇದ್ದ ಊರು. ಅಲ್ಲಿನ ಮದ್ದುಗುಂಡು ಕಾರ್ಖಾನೆ 1869ರದ್ದು. ದಂಡಿನ ಜನ ಕುಡಿಯುತ್ತಿದ್ದ ಪಾನೀಯಗಳಲ್ಲಿ ಶುಂಠಿ ಬಿಯರ್ ಕೂಡ ಒಂದು. ಕಾಕಾ ಅದನ್ನು ಜೊತೆಗೆ ಕೆಲಸ ಮಾಡುತ್ತಿದ್ದವರಿಂದ ಕಲಿತು, ಬೇಸಿಗೆ ಬಂತೆಂದರೆ ದೊಡ್ಡ ಬರಣಿ ತುಂಬ ಹಾಕಿಡುತ್ತಿದ್ದರು. ಇದು ಸೋಡಾ ಅಂಗಡಿಯ ಜಿಂಜರ್ ಅಲ್ಲ. ಅದಕ್ಕೆ ಗ್ಯಾಸ್ ತುಂಬುತ್ತಾರೆ. ಇದರಲ್ಲಿ ಈಸ್ಟ್ ಸಕ್ಕರೆಯನ್ನು ತಿಂದು ತಾನೇ ಗ್ಯಾಸ್ ಮಾಡುತ್ತದೆ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಈಗಲೂ ಜಾರಿಯಲ್ಲಿದೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ನಿಮ್ಮ ಮನೆಯ ಹಳೆಯ ಚೀಟಿ ಬಾರ್ಲಿ ಮಾಲ್ಟ್, ಹಾಪ್ಸ್ ಹಾಕಿದ ನಿಜವಾದ ಬಿಯರಿನದ್ದಾದರೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಾಡಲು ಹೋಗಬೇಡಿ. ಆಹಾರ ಸುರಕ್ಷತಾ ನಿಯಮದ ಪ್ರಕಾರ 0.5 ಶೇಕಡಕ್ಕಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅದು ಮದ್ಯ. ಶುಂಠಿ ಬಿಯರನ್ನು ಬೇಗ ಫ್ರಿಜ್ಜಿಗೆ ಸೇರಿಸಬೇಕು ಅನ್ನುವುದು ಇದಕ್ಕೇ. ಆದರೂ ಆಲ್ಕೋಹಾಲ್ ಪೂರ್ತಿ ಸೊನ್ನೆ ಇರುವುದಿಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ, ಮದ್ಯ ಮುಟ್ಟದವರಿಗೆ ಕೊಡಬೇಡಿ.

ಇನ್ನು ಚೀಟಿಗೆ ಬರೋಣ. ಕಾಕಾ ಬರೆದದ್ದು ಇಷ್ಟೇ: 'ಸಕ್ಕರಿ 1 ಶೇರ, ಹಸಿ ಅಲ್ಲ ಪಾವಶೇರ, ಲಿಂಬಿ 8, ನೀರು 10 ತಂಬಿಗಿ, ಬೇಕರಿ ಈಸ್ಟ್. ಮರುದಿನ ಬಾಟ್ಲಿ.' ಇಲ್ಲಿ 'ಅಲ್ಲ' ಅಂದರೆ ಶುಂಠಿ.

ತೂಕದ ಲೆಕ್ಕ ಸುಲಭ. ಒಂದು ಶೇರು ಅಂದರೆ 80 ತೊಲ, ಸುಮಾರು 933 ಗ್ರಾಂ. ಪಾವಶೇರು ಅದರ ಕಾಲು ಭಾಗ, 233 ಗ್ರಾಂ. ಒಂದು ತೊಲಕ್ಕೆ 11.66 ಗ್ರಾಂ. ಕಷ್ಟ ಇರುವುದು ತಂಬಿಗೆಯಲ್ಲಿ. ಯಾವ ತಂಬಿಗೆ? ಕಾಕಾನ ಹೆಂಡತಿ ಕಾಕೂನ ಕೇಳಿದೆ. "ಅಯ್ಯ, ಆ ಹಿತ್ತಾಳಿದಪಾ, ಕಂಠಾ ನೆಗ್ಗೇತಲ್ಲ, ಅದು" ಅಂದರು. ಅಟ್ಟದಿಂದ ಇಳಿಸಿ, ನೀರು ತುಂಬಿ, ಅಳತೆ ಲೋಟಕ್ಕೆ ಸುರಿದು ನೋಡಿದರೆ 1100 ಮಿಲಿ. ಅಂದರೆ 10 ತಂಬಿಗೆಗೆ 11 ಲೀಟರ್. ಒಂದು ತಂಬಿಗೆ ಒಂದು ಲೀಟರ್ ಅಂತ ಸುಮ್ನೆ ಹಿಡಿದಿದ್ದರೆ ಒಂದು ಲೀಟರ್ ನೀರು ಕಡಿಮೆ ಬಿದ್ದು, ಎಲ್ಲವೂ ಸಿಹಿಯಾಗುತ್ತಿತ್ತು. ನಿಮ್ಮ ಮನೆಯಲ್ಲೂ ಹಳೆಯ ಪಾತ್ರೆ ಇದ್ದರೆ ಹೀಗೇ ಅಳೆದು ನೋಡಿ. ಪಾತ್ರೆ ಗುಜರಿಗೆ ಹೋಗುವ ಮೊದಲೇ ಅಳೆಯಿರಿ, ಅಲ್ವಾ?

ಫ್ಲಾಟಿನ ಅಡುಗೆಮನೆಗೆ ಕಾಲು ಭಾಗ ಸಾಕು: ಸಕ್ಕರೆ 233 ಗ್ರಾಂ, ಹಸಿಶುಂಠಿ 58 ಗ್ರಾಂ, ಲಿಂಬೆ 2, ನೀರು 2.75 ಲೀಟರ್.

ಶುಂಠಿ. ಪುಣೆಯ ತರಕಾರಿ ಮಾರುಕಟ್ಟೆ ಮಂಡಯಿಯಲ್ಲಿ ಸಾತಾರಾ ಕಡೆಯ ಶುಂಠಿ ಬರುತ್ತದೆ. ಮುರಿದರೆ ಒಳಗೆ ನಾರು ಕಾಣುವ, ಬಲಿತ ಶುಂಠಿ ತೆಗೆದುಕೊಳ್ಳಿ. ಎಳೆಯದರಲ್ಲಿ ಖಾರ ಇರುವುದಿಲ್ಲ. ಮಣ್ಣು ಹೋಗುವಂತೆ ತೊಳೆದು, ಸಿಪ್ಪೆ ಸಮೇತ ಖಲಬತ್ತದಲ್ಲಿ ಜಜ್ಜಿ. ಮಿಕ್ಸರಿಗೆ ಹಾಕಿದರೆ ಸಣ್ಣ ಪುಡಿ ಸೋಸಿದರೂ ಹೋಗದೆ ಗಂಟಲಿಗೆ ಸಿಗುತ್ತದೆ.

ಕುದಿಸುವುದು. ಸ್ಟೀಲ್ ಪಾತ್ರೆಯಲ್ಲೇ ಮಾಡಿ. ಹುಳಿ ಬೀಳುವುದರಿಂದ ಹಿತ್ತಾಳೆ, ಅಲ್ಯೂಮಿನಿಯಂ ಬೇಡ. ಅರ್ಧ ಶುಂಠಿ ಹಾಕಿ ನೀರನ್ನು 15 ನಿಮಿಷ ಕುದಿಸಿ. ನಲ್ಲಿ ನೀರಿನ ಕ್ಲೋರಿನ್ ಕೂಡ ಇದರಲ್ಲಿ ಹೋಗುತ್ತದೆ. ಒಲೆ ಆರಿಸಿ ಸಕ್ಕರೆ ಕರಗಿಸಿ, ಉಳಿದರ್ಧ ಶುಂಠಿ ಹಾಕಿ ಮುಚ್ಚಿಡಿ. ಖಾರ ಕುದಿಸಿದ ಶುಂಠಿಯಿಂದ ಬಂದರೆ, ಘಮ ಕುದಿಯದ ಶುಂಠಿಯಿಂದ ಬರುತ್ತದೆ.

ಲಿಂಬೆ. ಇಂಗ್ಲಿಷ್ ಪದ್ಧತಿಯಲ್ಲಿ ದಪ್ಪ ಲೆಮನ್ ಸಿಪ್ಪೆಯನ್ನೂ ಹಾಕುತ್ತಾರೆ. ನಮ್ಮ ತೆಳು ಸಿಪ್ಪೆಯ ಲಿಂಬೆಗೆ ಹಾಗೆ ಮಾಡಿದರೆ ಕಹಿ ಬಿಡುತ್ತದೆ. ರಸ ಸಾಕು. ತಣ್ಣಗಾದ ಮೇಲೆ ಹಿಂಡಿ.

ಈಸ್ಟ್. ಕಾಕಾ ಬೇಕರಿಯಿಂದ ತರುತ್ತಿದ್ದರು. ಈಗ ಅಂಗಡಿಯಲ್ಲಿ ಸಿಗುವ ಒಣ ಈಸ್ಟ್ ಕಾಲು ಟೀ ಚಮಚ ಸಾಕು. ಜಾಸ್ತಿ ಹಾಕಿದರೆ ಬ್ರೆಡ್ಡಿನ ವಾಸನೆ. ನನಗೆ ಇಷ್ಟವಾದದ್ದು ಇನ್ನೊಂದು ದಾರಿ. ಶುಂಠಿಯ ಸಿಪ್ಪೆಯ ಮೇಲೇ ಈಸ್ಟ್ ಇರುತ್ತದೆ. ಕಾಯಿಸಿ ಆರಿಸಿದ 250 ಮಿಲಿ ನೀರಿಗೆ ಸಿಪ್ಪೆ ಸಮೇತ ತುರಿದ ಶುಂಠಿ ಒಂದು ದೊಡ್ಡ ಚಮಚ, ಸಕ್ಕರೆ ಒಂದು ದೊಡ್ಡ ಚಮಚ ಹಾಕಿ, ಬಟ್ಟೆ ಕಟ್ಟಿಡಿ. ದಿನಾ ಒಂದೊಂದು ಟೀ ಚಮಚ ಶುಂಠಿ, ಸಕ್ಕರೆ ಸೇರಿಸಿ ಕದಡಿ. ಬೇಸಿಗೆಯಾದರೆ ನಾಲ್ಕೈದು ದಿನದಲ್ಲಿ ಬುಸುಗುಟ್ಟಲು ಶುರುವಾಗುತ್ತದೆ. ಕಿವಿ ಹತ್ತಿರ ಹಿಡಿದರೆ ಸದ್ದು ಕೇಳಿಸುತ್ತದೆ. ಅದರ ಅರ್ಧ ಲೋಟ ನೀರು ಸೋಸಿ ಹಾಕಿ. ಮೇಲೆ ಬೂಷ್ಟು ಬಂದರೆ ಪೂರ್ತಿ ಚೆಲ್ಲಿ, ಮೇಲಿನದನ್ನಷ್ಟೇ ತೆಗೆದು ಬಳಸಬೇಡಿ. ಮಳೆಗಾಲದಲ್ಲಿ ಈ ತೊಂದರೆ ಹೆಚ್ಚು.

ಯಾವುದನ್ನೇ ಹಾಕಿ, ಪಾನಕ ಪೂರ್ತಿ ಆರಿರಬೇಕು. ಬಿಸಿ ಇದ್ದರೆ ಈಸ್ಟ್ ಸತ್ತುಹೋಗುತ್ತದೆ. ಬಟ್ಟೆ ಮುಚ್ಚಿ ಒಂದು ದಿನ ಬಿಡಿ.

ಬಾಟಲಿ. ಇದನ್ನು ನಿಧಾನವಾಗಿ ಓದಿ. ನಮ್ಮ ಅಳತೆಯಲ್ಲಿ ಲೀಟರಿಗೆ ಸುಮಾರು 85 ಗ್ರಾಂ ಸಕ್ಕರೆ ಇದೆ. ಅಷ್ಟೂ ಹುದುಗಿದರೆ ಲೀಟರಿಗೆ 20 ಲೀಟರಿಗಿಂತ ಜಾಸ್ತಿ ಗ್ಯಾಸ್ ಹುಟ್ಟುತ್ತದೆ. ನೊರೆ ಬರಲು ಬೇಕಾದದ್ದು ನಾಲ್ಕೈದು ಲೀಟರ್ ಮಾತ್ರ. ಗಾಜಿನ ಬಾಟಲಿ ಸಿಡಿಯುವುದು ಹೀಗೆ. ಗಾಜು ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೂ ದಯವಿಟ್ಟು ಗಾಜು ಬೇಡ. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ. ನೀರಿನ ತೆಳು ಬಾಟಲಿಯೂ ಬೇಡ.

ಸೋಸಿ, ಮೇಲೆ ಎರಡು ಇಂಚು ಜಾಗ ಬಿಟ್ಟು ತುಂಬಿ, ಮುಚ್ಚಳ ಬಿಗಿ ಮಾಡಿ. ಆಗಾಗ ಬಾಟಲಿ ಒತ್ತಿ ನೋಡಿ. ಮೊದಲು ಮೆತ್ತಗಿರುತ್ತದೆ. ಬೆರಳಿಗೆ ಬಗ್ಗದಷ್ಟು ಗಟ್ಟಿಯಾಯಿತೋ, ಆ ಕ್ಷಣವೇ ಫ್ರಿಜ್ಜಿಗೆ ಇಡಿ. ಕಾಕಾ 'ಮರುದಿನ' ಅಂತ ಬರೆದದ್ದು ಏಪ್ರಿಲ್, ಮೇ ತಿಂಗಳಿಗೆ. ಆಗ ಬಾಟಲಿ ಅರ್ಧ ದಿನದಲ್ಲೇ ಗಟ್ಟಿಯಾಗಬಹುದು. ಡಿಸೆಂಬರಿನ ಪುಣೆಯ ಚಳಿಯಲ್ಲಿ ಎರಡು ಮೂರು ದಿನ ಹಿಡಿಯುತ್ತದೆ. ಗಡಿಯಾರ ನೋಡಬೇಡಿ, ಬಾಟಲಿಯನ್ನೇ ನೋಡಿ.

ಒಂದು ದಿನ ತಣ್ಣಗಾಗಲಿ. ತೆರೆಯುವಾಗ ಸಿಂಕಿನ ಮೇಲೆ ಹಿಡಿದು, ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ತಳದ ಬಿಳಿ ಗಸಿ ಈಸ್ಟ್, ಅದಕ್ಕೆ ಹೆದರಬೇಕಿಲ್ಲ. ಫ್ರಿಜ್ಜಿನಲ್ಲೂ ಹುದುಗುವುದು ಪೂರ್ತಿ ನಿಲ್ಲುವುದಿಲ್ಲ. ದಿನಕ್ಕೊಮ್ಮೆ ಗ್ಯಾಸ್ ಬಿಟ್ಟು, ಮೂರು ನಾಲ್ಕು ದಿನದೊಳಗೆ ಮುಗಿಸಿ.

ಮೊದಲ ಲೋಟವನ್ನು ಹಿಂದೆ ಅದನ್ನು ಕುಡಿದವರಿಗೆ ಕೊಡಿ. ರುಚಿಯ ನೆನಪು ಇರುವುದು ಅವರ ನಾಲಿಗೆಯಲ್ಲಿ. ನಮ್ಮ ಕಾಕೂ ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೊಲೊ ಆಗೇತಿ. ಆದ್ರ ಅವ್ರು ಮೆಣಸಿನಕಾಳು ಜಜ್ಜಿ ಹಾಕತಿದ್ರಲ್ಲ" ಅಂದರು. ಚೀಟಿಯಲ್ಲಿ ಮೆಣಸಿನ ಸುದ್ದಿಯೇ ಇಲ್ಲ! 2.75 ಲೀಟರಿಗೆ ಆರು ಕಾಳು ಸಾಕು. ಶುಂಠಿಯ ಜೊತೆಗೇ ಕುದಿಯಲು ಹಾಕಿ.