ಬ್ರಿಟನ್ನಿನಲ್ಲಿ ಮನೆಮನೆಗೆ ಓಟು ಕೇಳೋಕೆ ಹೋಗುವ ಮುಂಚೆ

ಇಲ್ಲಿಗೆ ಬಂದು ನಾಲ್ಕೈದು ವರ್ಷ ಆದರೂ ಎಷ್ಟೋ ಕನ್ನಡಿಗರಿಗೆ ಇದು ಗೊತ್ತಿಲ್ಲ: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬ್ರಿಟನ್ನಿನಲ್ಲಿ ಓಟು ಹಾಕಬಹುದು. ಊರಿನ ಸ್ಥಳೀಯ ಕೌನ್ಸಿಲ್‌ಗೂ ಹಾಕಬಹುದು, ಪಾರ್ಲಿಮೆಂಟಿಗೂ ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶ ಅಲ್ವಾ, ಅದಕ್ಕೆ. ವರ್ಕ್ ವೀಸಾ ಇದ್ದರೂ ಸಾಕು, ಹೆಸರು ಮತದಾರರ ಪಟ್ಟಿಯಲ್ಲಿರಬೇಕು ಅಷ್ಟೇ. ಅಮೆರಿಕದಲ್ಲಿರುವ ನಮ್ಮ ಭಾವನಿಗೆ ಹೇಳಿದರೆ ನಂಬಲೇ ಇಲ್ಲ.

ಓಟು ಇದ್ದ ಮೇಲೆ ಪ್ರಚಾರಕ್ಕೂ ಹೋಗಬಹುದು. ಲಂಡನ್ನಿನ ಲ್ಯಾಂಬೆತ್‌ನಲ್ಲಿ ನಮ್ಮ ಕಲಬುರಗಿ ಕಡೆಯ ನೀರಜ್ ಪಾಟೀಲರು ಮೇಯರೇ ಆಗಿದ್ದರು. ನಿಮಗೆ ಹಿಡಿಸಿದ ಪಾರ್ಟಿಯ ಲೋಕಲ್ ಘಟಕಕ್ಕೆ ಒಂದು ಇಮೇಲ್ ಹಾಕಿ, ಶನಿವಾರ ಬೆಳಗ್ಗೆ ಬನ್ನಿ ಅಂತಾರೆ.

ನಮ್ಮೂರಿನ ಪ್ರಚಾರ ತಲೆಯಲ್ಲಿಟ್ಟುಕೊಂಡು ಹೋಗಬೇಡಿ. ಮೈಕಿಲ್ಲ, ತಮಟೆ ಇಲ್ಲ. ನಾಲ್ಕೈದು ಜನ, ಜಿಟಿಜಿಟಿ ಮಳೆ, ಒಂದು ಪಟ್ಟಿ. ಪಟ್ಟಿ ಹಿಡಿದವರು "ನಿಮಗೆ 14ನೇ ನಂಬರ್ ಮನೆ" ಅಂತಾರೆ. ನೀವು ಹೋಗಿ ಬಾಗಿಲು ತಟ್ಟಿ, ಎರಡು ಮಾತಾಡಿ, ವಾಪಸ್ ಬಂದು ಆ ಮನೆಯವರು ನಮ್ಮ ಕಡೆಯಾ, ಬೇರೆ ಕಡೆಯಾ, ಇನ್ನೂ ತೀರ್ಮಾನಿಸಿಲ್ಲವಾ ಅಂತ ಹೇಳಿದರೆ ಪಟ್ಟಿಯಲ್ಲಿ ಗುರುತು ಹಾಕಿಕೊಳ್ತಾರೆ, ಮುಗೀತು. ವಾದ ಮಾಡೋಕೆ ನಿಲ್ಲಬೇಡಿ. ಮೊದಲ ದಿನ ನಾನು ಒಬ್ಬರ ಬಾಗಿಲಲ್ಲಿ ಇಪ್ಪತ್ತು ನಿಮಿಷ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಬಗ್ಗೆ ಮಾತಾಡಿ, ಗೆದ್ದೆ ಅಂತ ಬೀಗಿಕೊಂಡು ಬಂದರೆ, ಪಟ್ಟಿ ಹಿಡಿದಿದ್ದ ಅಜ್ಜಿ "ಅಷ್ಟು ಹೊತ್ತಲ್ಲಿ ಎಂಟು ಮನೆ ಆಗ್ತಿತ್ತು" ಅಂದರು. ಈ ಗುರುತೆಲ್ಲ ಕೆಲಸಕ್ಕೆ ಬರೋದು ಓಟಿನ ದಿನ. ಅವತ್ತು ಬೆಳಗ್ಗೆ 7ರಿಂದ ರಾತ್ರಿ 10ರ ತನಕ ಮತಗಟ್ಟೆ ತೆರೆದಿರುತ್ತದೆ, ನಮಗೇ ಹಾಕ್ತೀವಿ ಅಂದವರ ಮನೆಗೆ ಮತ್ತೆ ಹೋಗಿ "ಹಾಕಿ ಬಂದ್ರಾ?" ಅಂತ ಕೇಳಬೇಕು.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕರಪತ್ರವನ್ನು ಬಾಗಿಲಲ್ಲಿ ಅಂಚೆ ಹಾಕೋಕೆ ಇರುವ ಸೀಳಿನಲ್ಲಿ ತಳ್ಳಬೇಕು. ಅದಕ್ಕೊಂದು ಬಿಗಿಯಾದ ಸ್ಪ್ರಿಂಗ್ ಮುಚ್ಚಳ, ಅದರ ಹಿಂದೆ ಬ್ರಶ್ಶು, ಬ್ರಶ್ಶಿನ ಆಚೆ ನಾಯಿ! ಬೆರಳು ಉಳಿಸಿಕೊಳ್ಳೋಕೆ ಹಳಬರು ಜೇಬಿನಲ್ಲಿ ಮರದ ಸೌಟು ಇಟ್ಟುಕೊಂಡಿರುತ್ತಾರೆ. ನಾನು ಒಯ್ಯೋದು ದೋಸೆ ಮಗುಚುವ ಕೈ. ಅದಕ್ಕೆ ಮತ್ತೆ ಅಡುಗೆಮನೆಗೆ ಪ್ರವೇಶ ಇಲ್ಲ.

ವಯಸ್ಸಾದವರು ಅಂಚೆ ಓಟಿನ ಕವರ್ ಕೊಟ್ಟು "ಪೋಸ್ಟ್ ಮಾಡ್ತೀರಾ" ಅಂತ ಕೇಳುವುದುಂಟು. ಪಾಪ ಅನ್ನಿಸಿದರೂ ಮುಟ್ಟಬೇಡಿ. ಪ್ರಚಾರಕ್ಕೆ ಬಂದವರು ಹೊರಗಿನವರ ಅಂಚೆ ಓಟು ಮುಟ್ಟುವುದು 2024ರಿಂದ ಅಪರಾಧ.

ಇನ್ನೊಂದು. ಪಟ್ಟಿ ತಯಾರಾಗೋದು ಮತದಾರರ ಪಟ್ಟಿಯಿಂದ. ಹೆಸರು ನೋಂದಾಯಿಸದವರ ಬಾಗಿಲು ಯಾರೂ ತಟ್ಟುವುದಿಲ್ಲ. ಹೋದ ಸಲ ಒಂದು ಮನೆ ಮುಂದೆ ರಂಗೋಲಿ, ಒಳಗಿಂದ ಇಂಗಿನ ಒಗ್ಗರಣೆ ವಾಸನೆ, ಆದರೆ ನಮ್ಮ ಪಟ್ಟಿಯಲ್ಲಿ 31 ಆದ ಮೇಲೆ ನೇರ 35. ತಡೆಯಲಾರದೆ ತಟ್ಟಿದೆ. ದಾವಣಗೆರೆಯವರು. ಬಂದು ಆರು ವರ್ಷ ಆಗಿದೆಯಂತೆ.

"ಅಯ್ಯೋ, ನಮಗೂ ಓಟಿದೆಯಾ?" ಅಂದರು.