ಫ್ರಾಂಕೊ ಬರೇಸಿಯ ಸಾಲು: ಕಾರವಾರದ ಮರಳಿನ ಮೇಲೆ ನಾಲ್ವರು ಡಿಫೆಂಡರ್‌ಗಳನ್ನು ತಯಾರು ಮಾಡುವ ಬಗೆ

ಶಾಲೆಯ ಫುಟ್‌ಬಾಲ್ ಟೀಮಿರಲಿ, ಊರಿನ ಕ್ಲಬ್ಬಿರಲಿ, ಎಲ್ಲರಿಗಿಂತ ಎತ್ತರದ ಹುಡುಗನನ್ನು ಹಿಡಿದು ಸ್ಟಾಪರ್ ಜಾಗದಲ್ಲಿ, ಅಂದರೆ ಡಿಫೆನ್ಸ್ ಸಾಲಿನ ನಡುವೆ, ನಿಲ್ಲಿಸುವುದು ನಮ್ಮ ಕಡೆಯ ರೂಢಿ. ಇಟಲಿಯ ಮಿಲಾನ್ ನಗರದ ಇಂಟರ್ ಕ್ಲಬ್ಬಿನವರೂ ಹಿಂದೊಮ್ಮೆ ಇದೇ ಲೆಕ್ಕ ಹಾಕಿ ಕೆಟ್ಟರು. ಬ್ರೆಶಾ ಬಳಿಯ ತ್ರವಲ್ಯಾತೊ ಎಂಬ ಊರಿನ ಇಬ್ಬರು ಅಣ್ಣತಮ್ಮಂದಿರಲ್ಲಿ ದೊಡ್ಡವನಾದ ಜುಸೆಪ್ಪೆಯನ್ನು ಇಟ್ಟುಕೊಂಡರು, ಚಿಕ್ಕವನು ತೀರಾ ಸಣಕಲ ಎಂದು ವಾಪಸು ಕಳಿಸಿದರು. ಅದೇ ನಗರದ ಇನ್ನೊಂದು ಕ್ಲಬ್ ಎಸಿ ಮಿಲಾನ್ ಅವನನ್ನು 14ನೇ ವಯಸ್ಸಿನಲ್ಲಿ ಸೇರಿಸಿಕೊಂಡಿತು. ಅವನೇ ಫ್ರಾಂಕೊ ಬರೇಸಿ. 1960ರ ಮೇ 8ರಂದು ಹುಟ್ಟಿದವರು, 1978ರ ಏಪ್ರಿಲ್ 23ರಂದು ವೆರೋನಾ ವಿರುದ್ಧ ಮೊದಲ ಲೀಗ್ ಪಂದ್ಯ ಆಡಿದರು, 1997ರಲ್ಲಿ ಅದೇ ಅಂಗಿಯಲ್ಲಿ ಆಟ ನಿಲ್ಲಿಸಿದರು. ಮಿಲಾನ್ ಪರ 719 ಪಂದ್ಯ, ಆರು ಲೀಗ್ ಪ್ರಶಸ್ತಿ. ಎತ್ತರ ಮಾತ್ರ 1.76 ಮೀಟರ್. ಮಿಲಾನಿನ ಆಡುಮಾತಿನಲ್ಲಿ ಅವರಿಗೆ ಬಿದ್ದ ಅಡ್ಡಹೆಸರು 'ಪಿಶಿನಿನ್', ಅಂದರೆ ಪುಟ್ಟ.

ಹಾಗಾಗಿ ಆರಿಸುವಾಗ ಅಳತೆಪಟ್ಟಿ ಬೇಡ. ಹತ್ತು ನಿಮಿಷದ ಆಟ ಆಡಿಸಿ, ಒಬ್ಬೊಬ್ಬ ಹುಡುಗನೂ ಚೆಂಡು ದೂರ ಇದ್ದಾಗ ಎಷ್ಟು ಸಲ ಕತ್ತು ತಿರುಗಿಸಿ ಬೆನ್ನ ಹಿಂದೆ ನೋಡುತ್ತಾನೆ ಎಂದು ಎಣಿಸಿ. ಚೆಂಡನ್ನೇ ದಿಟ್ಟಿಸುತ್ತ ನಿಲ್ಲುವವನು ಎಷ್ಟೇ ಎತ್ತರವಿದ್ದರೂ ನಡುವಿನ ಜಾಗಕ್ಕೆ ಆಗುವುದಿಲ್ಲ. ಐದಾರು ಸೆಕೆಂಡಿಗೊಮ್ಮೆ ಹಿಂದೆ ನೋಡಿ, ಪಕ್ಕದವನಿಗೆ ಏನಾದರೂ ಕೂಗಿ ಹೇಳುವವನು ಕುಳ್ಳಗಿದ್ದರೂ ಅವನೇ ನಿಮ್ಮ ಸ್ಟಾಪರ್. ಎತ್ತರದವನನ್ನು ಅವನ ಪಕ್ಕಕ್ಕೆ ಹಾಕಿ, ತಲೆಗೆ ಬರುವ ಚೆಂಡು ಅವನ ಪಾಲಿಗಿರಲಿ.

ಜಾಗ, ಹೊತ್ತು, ಸಾಮಾನು

13ರಿಂದ 17 ವರ್ಷದವರಿಗೆ ಟಾಗೋರ್ ಕಡಲತೀರದ ಒದ್ದೆ ಮರಳಿಗಿಂತ ಒಳ್ಳೆಯ ಮೈದಾನ ಸಿಗುವುದಿಲ್ಲ, ಆದರೆ ಇಳಿತ ಇದ್ದಾಗ ಮಾತ್ರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಸಂಜೆ ಹೊತ್ತಿಗೆ ನೀರು ಹಿಂದೆ ಸರಿದಿರುತ್ತದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗಿ, ಒಂದು ವಾರದಲ್ಲಿ ಅದೇ ಸಂಜೆ ಭರತಿ ಬಂದು ನಿಲ್ಲುತ್ತದೆ. ಆ ವಾರ ಮೇಲಿನ ಒಣಮರಳಲ್ಲಿ ಸಾಲಿನ ಅಭ್ಯಾಸ ಮಾಡಿಸಬೇಡಿ. ಕಾಲು ಹೂತು ಮೀನಖಂಡ ಹಿಡಿಯುತ್ತದೆ, ಹೆಜ್ಜೆಯ ಲೆಕ್ಕವೂ ತಪ್ಪುತ್ತದೆ. ಮಾಲಾದೇವಿ ಮೈದಾನಕ್ಕೋ ಶಾಲೆಯ ಅಂಗಳಕ್ಕೋ ಹೋಗಿ.

ಮೈದಾನವನ್ನು ತೀರದ ಉದ್ದಕ್ಕೆ, ಉತ್ತರ-ದಕ್ಷಿಣವಾಗಿ ಹಾಕಿ. ಅಡ್ಡ ಹಾಕಿದರೆ ಮುಳುಗುವ ಸೂರ್ಯ ಒಂದು ಕಡೆಯವರ ಕಣ್ಣಿಗೆ ನೇರ ಹೊಡೆಯುತ್ತಾನೆ. 50 ಮೀಟರ್ ಉದ್ದ, 35 ಮೀಟರ್ ಅಗಲ ಸಾಕು. ಮರಳು ಸಮುದ್ರದ ಕಡೆ ಇಳಿಜಾರಾಗಿರುವುದರಿಂದ ಆ ಬದಿಯ ಹುಡುಗ ಗೊತ್ತಿಲ್ಲದೇ ನೀರಿನ ಕಡೆ ಜಾರುತ್ತ ಹೋಗುತ್ತಾನೆ, ಸಾಲು ಅಲ್ಲೇ ಹರಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎಡ-ಬಲ ಬದಲಾಯಿಸಿ. ಬೇಸಿಗೆಯ ಸಂಜೆಗಳಲ್ಲಿ ಗಾಳಿ ವಾಯವ್ಯದಿಂದ ಬೀಸುತ್ತದೆ, ಉತ್ತರದಿಂದ ಒದ್ದ ಚೆಂಡು ನಾಲ್ಕಾರು ಮೀಟರ್ ಹೆಚ್ಚು ಹಾರುತ್ತದೆ. ಆ ಕಡೆಯಿಂದ ಎದುರಾಳಿ ಬರುವಾಗ ಸಾಲು ಐದು ಹೆಜ್ಜೆ ಹಿಂದೆಯೇ ನಿಲ್ಲಲಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಬೆರಳು ದಪ್ಪದ ನೈಲಾನ್ ಹಗ್ಗ 25 ಮೀಟರ್, ಹಳೆ ಬಲೆಯ ಬೆಂಡು ನಾಲ್ಕು, ಚೆಂಡು ಆರು, ಲೈನ್ಸ್‌ಮನ್ ಆಗಿ ನಿಲ್ಲಲು ಟವೆಲ್ ಹಿಡಿದ ಒಬ್ಬ ದೊಡ್ಡವರು. ಶುರು ಮಾಡುವ ಮೊದಲು ಎಲ್ಲರನ್ನೂ ಸಾಲಾಗಿ ನಡೆಸಿ ಚಿಪ್ಪು, ಗಾಳ, ಒಡೆದ ಬಾಟಲಿ ಹೆಕ್ಕಿಸಿ. ಬರಿಗಾಲಲ್ಲಿ 40 ನಿಮಿಷಕ್ಕಿಂತ ಹೆಚ್ಚು ಬೇಡ.

ಹಗ್ಗದ ಅಭ್ಯಾಸ

1987ರಲ್ಲಿ ಮಿಲಾನ್‌ಗೆ ಬಂದ ಕೋಚ್ ಅರ್ರಿಗೊ ಸಾಕ್ಕಿ ಚೆಂಡೇ ಇಲ್ಲದೆ ಇಡೀ ಟೀಮನ್ನು ಓಡಾಡಿಸುತ್ತಿದ್ದರು. ಚೆಂಡು ಎಲ್ಲಿದೆ ಎಂದು ಅವರು ಹೇಳಬೇಕು, ಹನ್ನೊಂದೂ ಜನ ಅದಕ್ಕೆ ತಕ್ಕಂತೆ ಸರಿಯಬೇಕು. ಕಟ್ಟಕಡೆಯ ಡಿಫೆಂಡರಿನಿಂದ ಮುಂದಿನ ಫಾರ್ವರ್ಡ್‌ವರೆಗೆ 25 ಮೀಟರ್ ಮೀರಬಾರದು ಎಂಬುದು ಅವರ ಹಟ. ಆ ಸಾಲಿನಲ್ಲಿ ತಸೊತ್ತಿ, ಕೊಸ್ತಕೂರ್ತ, ಬರೇಸಿ, ಮಾಲ್ದೀನಿ. ಅಲ್ಲಿಯವರೆಗೆ ಬರೇಸಿ ಇಟಲಿಯ ಹಳೆ ಪದ್ಧತಿಯ ಸ್ವೀಪರ್: ಎಲ್ಲರ ಬೆನ್ನ ಹಿಂದೆ ನಿಂತು, ತಪ್ಪಿ ಬಂದ ಚೆಂಡು ಗುಡಿಸುವವರು. ಸಾಕ್ಕಿ ಬಂದ ಮೇಲೆ ಅವರು ಉಳಿದ ಮೂವರ ಜೊತೆ ಒಂದೇ ಗೆರೆಗೆ ಬಂದರು, ಆ ಗೆರೆಯನ್ನು ಏರಿಸುವ-ಇಳಿಸುವ (ಮುಂದಕ್ಕೆ-ಹಿಂದಕ್ಕೆ ಸರಿಸುವ) ಬಾಯಿ ಅವರದಾಯಿತು.

ಹಗ್ಗವನ್ನು 8 ಮೀಟರಿನ ಮೂರು ತುಂಡು ಮಾಡಿ. ನಾಲ್ವರು ಅಡ್ಡಲಾಗಿ ನಿಂತು ಪಕ್ಕದವರೊಂದಿಗೆ ಒಂದೊಂದು ತುಂಡು ಹಿಡಿಯಲಿ, ನಡುವಿನ ಇಬ್ಬರ ಎರಡೂ ಕೈಯಲ್ಲಿ ಹಗ್ಗ ಇರುತ್ತದೆ. ಮುಷ್ಟಿಯಲ್ಲಿ ಹಿಡಿಯಬೇಕು, ಸೊಂಟಕ್ಕೆ ಕಟ್ಟುವುದು, ಮಣಿಕಟ್ಟಿಗೆ ಸುತ್ತುವುದು ಬೇಡವೇ ಬೇಡ. ಒಬ್ಬ ಬಿದ್ದರೆ ಉಳಿದವರ ಭುಜ ಉಳುಕುತ್ತದೆ. ಸಾಲಿನ ಮುಂದೆ 12 ಮೀಟರ್ ದೂರದಲ್ಲಿ ನಾಲ್ಕು ಬೆಂಡುಗಳನ್ನು ಅಡ್ಡಸಾಲಾಗಿ ಇಟ್ಟು 1ರಿಂದ 4 ಎಂದು ಹೆಸರಿಡಿ. ನೀವು ಚೆಂಡನ್ನು ಕೈಯಲ್ಲಿ ಹಿಡಿದು ಒಂದು ಬೆಂಡಿನಿಂದ ಇನ್ನೊಂದಕ್ಕೆ ನಡೆಯಿರಿ. ನೀವು 1ರ ಬಳಿ ನಿಂತಾಗ ಆ ಬದಿಯ ಫುಲ್‌ಬ್ಯಾಕ್ (ಸಾಲಿನ ತುದಿಯ ಡಿಫೆಂಡರ್) ನಿಮ್ಮ ಎದುರಿಗೆ ಬರಬೇಕು, ಉಳಿದ ಮೂವರು ಅದೇ ಕಡೆ ಜಾರಬೇಕು, ಆಚೆ ಬದಿಯವನು ಗೋಲಿನ ಆಚೆ ಕಂಬದ ನೇರಕ್ಕೆ ಬಂದು ನಿಲ್ಲಬೇಕು.

ತಪ್ಪನ್ನು ಹಗ್ಗವೇ ತೋರಿಸುತ್ತದೆ. ನೆಲಕ್ಕೆ ಬಿದ್ದು ಎಳೆದರೆ ಇಬ್ಬರು ತೀರಾ ಹತ್ತಿರ, ಬಿಗಿದು ಕೈ ಎಳೆದರೆ ತೀರಾ ದೂರ. ಬೈತಖೋಲ, ಮಾಜಾಳಿ ಕಡೆಯ ಮಕ್ಕಳಿಗೆ ರಂಪಣಿಯ (ದಡದಿಂದ ಎಳೆಯುವ ದೊಡ್ಡ ಬಲೆಯ) ಮಾತು ಹೇಳಿದರೆ ತಟ್ಟನೆ ತಿಳಿಯುತ್ತದೆ: ಎರಡೂ ತುದಿಯವರು ಸಮ ಎಳೆದರೆ ಬಲೆ ದಡಕ್ಕೆ ಬರುತ್ತದೆ, ಒಂದು ತುದಿ ಮುಂದಾದರೆ ಮೀನು ಇನ್ನೊಂದು ತುದಿಯಿಂದ ಹೊರಟುಹೋಗುತ್ತದೆ. ನಾಲ್ಕು ನಿಮಿಷದ ಐದು ಸುತ್ತು, ನಡುವೆ ಒಂದೂವರೆ ನಿಮಿಷ ವಿಶ್ರಾಂತಿ. ಮೊದಲ ಎರಡು ವಾರ ಇಷ್ಟೇ. ಮಕ್ಕಳಿಗೆ ಬೇಸರವಾಗುತ್ತದೆ, ಚೆಂಡು ಕೊಡಿ ಎನ್ನುತ್ತಾರೆ. ಕೊಡಬೇಡಿ, ಚೆಂಡು ಬಂದ ಕೂಡಲೇ ನಾಲ್ಕು ಜೊತೆ ಕಣ್ಣೂ ಅದರ ಮೇಲೆ ನೆಟ್ಟು, ಪಕ್ಕದವನು ಮರೆತುಹೋಗುತ್ತಾನೆ. ಮೂರನೇ ವಾರ ಹಗ್ಗ ಬಿಡಿಸಿ ಅದೇ ಅಭ್ಯಾಸ ಮಾಡಿಸಿ. ಅಂತರ ಕೆಟ್ಟರೆ ಮತ್ತೆ ಹಗ್ಗ.

ಯಾವಾಗ ಏರಬೇಕು, ಯಾವಾಗ ಇಳಿಯಬೇಕು

ಸೋಲುವುದು ಹೆಚ್ಚಾಗಿ ಇಲ್ಲೇ. ಆಫ್‌ಸೈಡ್ ಬಲೆ (ಸಾಲು ಮುಂದೆ ಸರಿದು ಎದುರಾಳಿ ಫಾರ್ವರ್ಡ್‌ನನ್ನು ಆಫ್‌ಸೈಡಿಗೆ ಸಿಕ್ಕಿಸುವುದು) ಎಂದರೆ ಎಲ್ಲರೂ ಒಟ್ಟಿಗೆ ಮುಂದೆ ಓಡುವುದು ಎಂದಷ್ಟೇ ಮಕ್ಕಳ ತಲೆಯಲ್ಲಿರುತ್ತದೆ. ಓಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಚೆಂಡು ಇರುವವನು ತಲೆ ಎತ್ತಿ ಉದ್ದ ಒದೆಯಬಲ್ಲನೇ? ಅವನು ತನ್ನ ಗೋಲಿನ ಕಡೆ ಮುಖ ಮಾಡಿದ್ದರೆ, ಚೆಂಡನ್ನು ಹಿಂದಕ್ಕೆ ಕೊಟ್ಟಿದ್ದರೆ, ನಮ್ಮವನೊಬ್ಬ ಅವನ ಮೈಮೇಲೆ ಬಿದ್ದಿದ್ದರೆ, ನಾವು ದೂರ ಒದ್ದ ಚೆಂಡು ಇನ್ನೂ ಗಾಳಿಯಲ್ಲಿದ್ದರೆ ಏರಿ. ಅವನು ಒಂಟಿಯಾಗಿ, ತಲೆ ಎತ್ತಿ, ಕಾಲು ಹಿಂದಕ್ಕೆ ಬೀಸಿದ್ದರೆ ಇಳಿಯಿರಿ. ಅಂಥ ಹೊತ್ತಿನಲ್ಲಿ ಏರಿದರೆ ಚೆಂಡು ತಲೆ ಮೇಲಿಂದ ಹೋಗುತ್ತದೆ, ಕೀಪರ್ ಒಬ್ಬನೇ ಉಳಿಯುತ್ತಾನೆ.

ಕೂಗು ಒಬ್ಬನದೇ ಇರಲಿ, ನೀವು ಆರಿಸಿದ ಆ ಸ್ಟಾಪರಿನದು. 'ಏರು', 'ಇಳಿ', 'ನಿಲ್ಲು', ಮೂರೇ ಪದ. ಕೊಂಕಣಿಯಲ್ಲಿ ಕೂಗಿದರೂ ಆದೀತು, ಆದರೆ ನಾಲ್ವರಿಗೂ ಒಂದೇ ಪದ ಇರಬೇಕು, ಪಂದ್ಯದ ದಿನ ಬದಲಾಗಬಾರದು. ಕೀಪರ್ ಒಂದು ಕೂಗಿ ಸ್ಟಾಪರ್ ಇನ್ನೊಂದು ಕೂಗಿದರೆ ಇಬ್ಬರು ಏರುತ್ತಾರೆ, ಇಬ್ಬರು ನಿಲ್ಲುತ್ತಾರೆ. ಏರುವುದು ಐದಾರು ಜೋರು ಹೆಜ್ಜೆ, ಆಮೇಲೆ ನಿಂತು ಅರ್ಧ ತಿರುಗಿದ ಮೈ: ಒಂದು ಭುಜ ಚೆಂಡಿನ ಕಡೆ, ಇನ್ನೊಂದು ನಮ್ಮ ಗೋಲಿನ ಕಡೆ. ಎದೆ ಪೂರ್ತಿ ಮುಂದೆ ಕೊಟ್ಟು ನಿಂತವನಿಗೆ ತಿರುಗಿ ಓಡಲು ಒಂದೂವರೆ ಹೆಜ್ಜೆ ಹೆಚ್ಚು ಬೇಕು. ವೇಗದ ಫಾರ್ವರ್ಡ್‌ಗೆ ಅಷ್ಟೇ ಸಾಕು.

ಓಣಿಯಲ್ಲಿ, ಮರಳಲ್ಲಿ ಐದೈದು ಜನ ಆಡಿ ಬೆಳೆದ ಮಕ್ಕಳಿಗೆ ಆಫ್‌ಸೈಡ್ ನಿಯಮ ಅರ್ಧವೇ ಗೊತ್ತಿರುತ್ತದೆ, ಕೂರಿಸಿ ಹೇಳಿ. ಲೆಕ್ಕ ಹಾಕುವುದು ಚೆಂಡು ಒದ್ದ ಕ್ಷಣದ್ದು, ಅದು ತಲುಪಿದ ಕ್ಷಣದ್ದಲ್ಲ. ಎದುರಾಳಿ ಫಾರ್ವರ್ಡ್ ನಮ್ಮ ಅರ್ಧದಲ್ಲಿದ್ದು, ಚೆಂಡಿಗಿಂತಲೂ ನಮ್ಮ ಕೊನೆಯಿಂದ ಎರಡನೆಯವನಿಗಿಂತಲೂ ಮುಂದಿದ್ದರೆ ಮಾತ್ರ ತಪ್ಪು. ಕೀಪರೂ ಆ ಇಬ್ಬರಲ್ಲಿ ಒಬ್ಬ. ಕೈ, ತೋಳು ಲೆಕ್ಕಕ್ಕಿಲ್ಲ. ಥ್ರೋ, ಕಾರ್ನರ್, ಗೋಲ್‌ಕಿಕ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಸಮಸಮ ಇದ್ದರೂ ಆಫ್‌ಸೈಡ್ ಎಂಬ ನಿಯಮ 1990ರಲ್ಲಿ ಹೋಯಿತು. ಬರೇಸಿಯ ಎಂಬತ್ತರ ದಶಕದ ಪಂದ್ಯಗಳ ವಿಡಿಯೊ ನೋಡಿಸುವಾಗ ಇದನ್ನು ತಪ್ಪದೆ ಹೇಳಿ. ಅಂದು ಗೆರೆಗೆ ಗೆರೆ ಸರಿಯಾದರೆ ಸಾಕಿತ್ತು, ಈಗ ಫಾರ್ವರ್ಡ್ ಸ್ವಲ್ಪವಾದರೂ ಮುಂದಿರಬೇಕು. ಹಾಗಾಗಿ ಇಂದಿನ ಹುಡುಗರು ಒಂದು ಹೆಜ್ಜೆ ಮುಂಚೆಯೇ ಏರಬೇಕು. ಮತ್ತೆ, ಕೈ ಎತ್ತಿ ನಿಲ್ಲುವುದನ್ನು ಮೊದಲ ದಿನವೇ ಬಿಡಿಸಿ. ಸೀಟಿ ಕೇಳುವವರೆಗೆ ಓಡಬೇಕು.

ಐವರ ವಿರುದ್ಧ ಎಂಟು

ಸಾಕ್ಕಿ ಹೇಳಿಕೊಂಡಿರುವ ಒಂದು ಅಭ್ಯಾಸವಿದೆ. ಕೀಪರ್ ಮತ್ತು ನಾಲ್ವರು ಡಿಫೆಂಡರ್ ಒಂದು ಕಡೆ, ಹತ್ತು ಜನ ಇನ್ನೊಂದು ಕಡೆ, 15 ನಿಮಿಷ. ಐವರು ಚೆಂಡು ಕಸಿದಾಗಲೆಲ್ಲ ಹತ್ತು ಮಂದಿ ಹಿಂದಿನಿಂದ ಮತ್ತೆ ಶುರು ಮಾಡಬೇಕು. ಮಕ್ಕಳಿಗೆ ಐವರ ವಿರುದ್ಧ ಎಂಟು, 10 ನಿಮಿಷ ಸರಿ. ಇಲ್ಲಿ ಕಲಿಸಬೇಕಾದದ್ದು ಆಸರೆ. ಒಬ್ಬ ಚೆಂಡಿನ ಮೇಲೆ ಹೋದರೆ ಪಕ್ಕದವನು ಅವನ ಹಿಂದೆ ಓರೆಯಾಗಿ ಮೂರು-ನಾಲ್ಕು ಮೀಟರಿನಲ್ಲಿ ನಿಲ್ಲಬೇಕು. ಇಬ್ಬರೂ ಚೆಂಡಿನ ಮೇಲೆ ಬೀಳುವುದು ಸಾಮಾನ್ಯ ತಪ್ಪು. ಒಂದು ಪಾಸಿಗೆ ಇಬ್ಬರೂ ಕಳೆದುಹೋಗುತ್ತಾರೆ. ಚಿರೆಕಲ್ಲಿನ ಕೆಂಪು ನೆಲದಲ್ಲಿ ಜಾರುವ ಟ್ಯಾಕಲ್ ಮಾಡಿಸಬೇಡಿ, ತೊಡೆ ಸುಲಿಯುತ್ತದೆ.

ಚೆಂಡು ಕಸಿದ ಮೇಲೆ ಕಣ್ಣುಮುಚ್ಚಿ ಸಮುದ್ರಕ್ಕೆ ಒದೆಯುವುದೂ ಬೇಡ. ಬರೇಸಿ ಚೆಂಡು ಹಿಡಿದು ತಾವೇ ನಡುಮೈದಾನ ದಾಟುತ್ತಿದ್ದರು. ನಿಮ್ಮ ಸ್ಟಾಪರ್ ಎದುರು ಖಾಲಿ ಇದ್ದರೆ 10-15 ಮೀಟರ್ ಒಯ್ಯಲಿ, ಯಾರಾದರೂ ಮೇಲೆ ಬಂದ ಕೂಡಲೇ ಪಾಸ್ ಕೊಡಲಿ. ಅವನು ಹೊರಟ ಕ್ಷಣವೇ ಒಬ್ಬ ಮಿಡ್‌ಫೀಲ್ಡರ್ ಅವನ ಜಾಗಕ್ಕೆ ಇಳಿಯಬೇಕು. ಇದನ್ನು ಮರೆತರೆ ನಡುವೆ ಬಾಗಿಲು ತೆರೆದಿಟ್ಟ ಹಾಗೆ.

ಮಂಡಿ

1994ರ ವಿಶ್ವಕಪ್ಪಿನಲ್ಲಿ ಜೂನ್ 23ರಂದು ನಾರ್ವೆ ವಿರುದ್ಧ ಬರೇಸಿಯ ಮಂಡಿಯ ಮೆನಿಸ್ಕಸ್ (ಒಳಗಿನ ಮೆತ್ತೆಯಂಥ ಮೆದು ಮೂಳೆ) ಹರಿಯಿತು. ಕೀಹೋಲ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಜುಲೈ 17ರ ಫೈನಲ್‌ನಲ್ಲಿ ಬ್ರೆಜಿಲ್ ಎದುರು 120 ನಿಮಿಷ ಆಡಿದರು, ಗೋಲು ಬಿಡಲಿಲ್ಲ. ಕೊನೆಗೆ ಟೈಬ್ರೇಕರ್‌ನ ಮೊದಲ ಪೆನಾಲ್ಟಿಯನ್ನು ಗೋಲಿನ ಅಡ್ಡಕಂಬದ ಮೇಲಿಂದ ಹೊಡೆದರು, ಇಟಲಿ ಸೋತಿತು. ಈ ಕಥೆ ಕೇಳಿದ ಮಕ್ಕಳು ನೋವು ಮುಚ್ಚಿಟ್ಟು ಆಡಲು ನೋಡುತ್ತಾರೆ. ಅವರಿಗೆ 34 ವರ್ಷ, ಜೊತೆಗೆ ಇಡೀ ವೈದ್ಯರ ತಂಡವಿತ್ತು ಎಂಬುದನ್ನೂ ಸೇರಿಸಿ ಹೇಳಿ. ಹುಡುಗನ ಮಂಡಿ ಊದಿಕೊಂಡರೆ, ಮಡಚಿದಾಗ ಸಿಕ್ಕಿಬಿದ್ದಂತಾದರೆ, ಮೆಟ್ಟಿಲು ಇಳಿಯುವಾಗ ಕೈಕೊಟ್ಟರೆ ಅಂದೇ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ ಇಟ್ಟು, ಮೂಳೆ ಡಾಕ್ಟರಿಗೆ ತೋರಿಸಿ. ಎಣ್ಣೆ ಹಚ್ಚಿ ತಿಕ್ಕಬೇಡಿ.

ಅದೇ ನಾಲ್ವರು

ಟೂರ್ನಮೆಂಟಿಗೊಂದು ಟೀಮು ಎಂದು ಹುಡುಗರನ್ನು ಎರವಲು ತರುವ ಪದ್ಧತಿಯಲ್ಲಿ ಫಾರ್ವರ್ಡ್ ಹೇಗೋ ಹೊಂದಿಕೊಂಡಾನು, ಡಿಫೆನ್ಸ್ ಸಾಲು ಹೊಂದುವುದಿಲ್ಲ. 1993-94ರ ಲೀಗಿನಲ್ಲಿ ಮಿಲಾನ್ 34 ಪಂದ್ಯಗಳಲ್ಲಿ ಬಿಟ್ಟದ್ದು 15 ಗೋಲು. ಆ ಹೊತ್ತಿಗೆ ಆ ಸಾಲಿನವರು ವರ್ಷಗಟ್ಟಲೆ ಅಕ್ಕಪಕ್ಕ ನಿಂತಿದ್ದರು. 1980ರಲ್ಲಿ ಬೆಟ್ಟಿಂಗ್ ಹಗರಣದಿಂದ ಮಿಲಾನನ್ನು ಎರಡನೇ ದರ್ಜೆಗೆ ತಳ್ಳಿದರು, 1982ರಲ್ಲಿ ಕೆಟ್ಟ ಆಟದಿಂದ ಮತ್ತೆ ಕೆಳಗಿಳಿಯಿತು. ಅದೇ ಬೇಸಿಗೆಯಲ್ಲಿ ಬರೇಸಿ ವಿಶ್ವಕಪ್ ಗೆದ್ದ ಇಟಲಿ ತಂಡದಲ್ಲಿದ್ದರು, ಆಡಲು ಅವಕಾಶ ಸಿಗದಿದ್ದರೂ. ಬೇರೆ ಕಡೆ ಹೋಗಬಹುದಿತ್ತು. 22ರ ವಯಸ್ಸಿಗೆ ನಾಯಕನ ಪಟ್ಟಿ ಕಟ್ಟಿಕೊಂಡು ಎರಡನೇ ದರ್ಜೆಯಲ್ಲೇ ಆಡಿದರು. ಅವರು ಬಿಟ್ಟ ಮೇಲೆ ಮಿಲಾನ್ 6ನೇ ನಂಬರಿನ ಅಂಗಿಯನ್ನು ಯಾರಿಗೂ ಕೊಟ್ಟಿಲ್ಲ.

ಆದ್ದರಿಂದ ಅಕ್ಟೋಬರಿನಲ್ಲಿ ನಾಲ್ವರ ಜೊತೆ ಐದನೆಯವನೊಬ್ಬನ ಹೆಸರು ಬರೆದಿಡಿ, ಮೇ ತನಕ ಬದಲಾಯಿಸಬೇಡಿ. ಒಂದು ಪಂದ್ಯ ಐದು ಗೋಲಿನಿಂದ ಸೋತರೂ ಬದಲಾಯಿಸಬೇಡಿ. ಯಾವ ಗೋಲು ಯಾವ ಅಂತರದಿಂದ ಬಂತು ಎಂದು ಮರಳ ಮೇಲೆ ಗೆರೆ ಎಳೆದು ತೋರಿಸಿ. ಐದನೆಯವನು ಹಗ್ಗದಲ್ಲಿ ನಾಲ್ಕೂ ಜಾಗಕ್ಕೆ ಸರದಿಯಂತೆ ನಿಲ್ಲಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ತೀರವನ್ನೇ ಕೊರೆದು ತಿನ್ನುತ್ತದೆ, ಅತ್ತ ಹೋಗುವುದೇ ಬೇಡ. ಶಾಲೆಯ ಹಾಲ್‌ನಲ್ಲಿ ಹಗ್ಗವನ್ನು 3 ಮೀಟರಿಗೆ ಮಡಚಿ, ನಡೆಯುತ್ತಲೇ ವಾರಕ್ಕೆರಡು ಸಲ 20 ನಿಮಿಷ ಮಾಡಿಸಿ, ಕೂಗುವ ಪದ ಮಾತ್ರ ಅವೇ ಇರಲಿ. ಮಳೆ ಬಿಟ್ಟು ಮರಳು ಮತ್ತೆ ತುಂಬಿ ಗಟ್ಟಿಯಾದ ಮೇಲೆ ಹಗ್ಗವನ್ನು 8 ಮೀಟರಿಗೆ ಬಿಡಿ.